ಹುತ್ತದ ಮಣ್ಣಿನ ಕೋರ್ಟು

ಪರ್ತ್‌ನಲ್ಲಿ ನಾವು ಇದ್ದದ್ದು ಒಂದು ಮನೆಯ ಹಿಂಭಾಗದಲ್ಲಿ. ಮುಂಭಾಗ ನೋರಾ ಆಂಟಿಯದು. ಬೀದಿಗೆ ಮುಖ ಮಾಡಿದ ವರಾಂಡ, ಚಳಿಗಾಲದಲ್ಲಿ ಸೌದೆ ಉರಿಸುವ ದೊಡ್ಡ ಕೋಣೆ, ಹಳೆಯ ಸೋಫಾ, ಅದರ ಮೇಲೆ ಸದಾ ಮಲಗಿರುತ್ತಿದ್ದ ಕಿವುಡು ನಾಯಿ, ಎಲ್ಲವೂ ಆ ಕಡೆಗೆ. ನಮ್ಮ ಪಾಲಿಗೆ ಬಂದದ್ದು ಎರಡು ಕೋಣೆ, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ, ಮತ್ತೆ ಹಿಂದಿನ ವರಾಂಡಕ್ಕೆ ಶೀಟು ಹೊಡೆದು, ಜಾಲರಿ ಬಿಗಿದು ಮಾಡಿದ್ದ ಮಲಗುವ ಜಾಗ. ನಾನು ಮತ್ತು ಅಕ್ಕ ಮಲಗುತ್ತಿದ್ದದ್ದು ಅಲ್ಲಿ. ಬೇಸಿಗೆಯಲ್ಲಿ ಅದು ಒಲೆಯ ಮೇಲಿಟ್ಟ ಬಾಣಲೆಯಂತೆ ಕಾಯುತ್ತಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಮುದ್ರದ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಊರವರು ಆ ಗಾಳಿಗೆ ‘ಡಾಕ್ಟರ್’ ಎಂದು ಹೆಸರಿಟ್ಟಿದ್ದರು. ಅಮ್ಮ ಬಟ್ಟೆ ಮಡಚುತ್ತಾ ಕುಳಿತವಳು ತಲೆಯೆತ್ತಿ, “ಬಂದ್ರು ನೋಡ್ರೇ ಡಾಕ್ಟ್ರು” ಎನ್ನುತ್ತಿದ್ದಳು. ಆ ಮನೆಯಲ್ಲಿ ಅಮ್ಮ ನಕ್ಕದ್ದು ನನಗೆ ನೆನಪಿರುವುದು ಇಂಥ ಒಂದೆರಡು ಗಳಿಗೆಗಳಲ್ಲಿ ಮಾತ್ರ.

ಆ ಮನೆಯನ್ನು ಆರಿಸಿದ್ದು ಅಪ್ಪ. ಅವರು ಸಿಟಿಯಲ್ಲಿ ಗಣಿ ಕಂಪನಿಯೊಂದರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದರು. ಮೈಸೂರಿನಲ್ಲಿ ಓದುವಾಗ ಕಾಲೇಜಿನ ಟೆನಿಸ್ ತಂಡದಲ್ಲಿ ಆಡಿದ್ದವರು. ಕೆಲಸ ಸಿಕ್ಕಮೇಲೆ ರ‍್ಯಾಕೆಟ್ಟು ಅಟ್ಟಕ್ಕೆ ಹೋಯಿತು, ಆಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮನೆ ನೋಡಲು ಹೋದ ದಿನ ಅಮ್ಮನಿಗೆ ರೈಲು ಸ್ಟೇಷನ್ನಿನ ಹತ್ತಿರದ ಒಂದು ಫ್ಲಾಟು ಹಿಡಿಸಿತ್ತು. ಆದರೆ ನೋರಾ ಆಂಟಿಯ ದೊಡ್ಡ ಕೋಣೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಬಿಳಿ ಉಡುಪಿನ ಹುಡುಗಿಯೊಬ್ಬಳು ಹುಲ್ಲಿನ ಮೇಲೆ ನಿಂತು, ತನ್ನ ಎದೆಯಷ್ಟು ದೊಡ್ಡ ಬೆಳ್ಳಿಯ ಕಪ್ಪನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದಳು. ಅಪ್ಪ ಅದರ ಮುಂದೆ ನಿಂತುಬಿಟ್ಟರು.

“ಯಾರು ಗೊತ್ತೇನೇ ಇವ್ರು? ಅಮೆರಿಕದ ಚಾಂಪಿಯನ್! ನಾನು ಚಿಕ್ಕವನಿದ್ದಾಗ ನಮ್ಮಪ್ಪ ಇವರ ಹೆಸರು ಹೇಳ್ತಿದ್ರು.”

“ಸರಿ. ಬಚ್ಚಲು ಮನೆ ಹೊರಗಡೆ ಇದೆ, ಅದನ್ನ ನೋಡಿದ್ರಾ?” ಎಂದಳು ಅಮ್ಮ.

ಮರುವಾರವೇ ನಾವು ಆ ಮನೆಗೆ ಬಂದೆವು.

ಮನೆಯ ಹಿಂದೆ ಒಂದು ಟೆನಿಸ್ ಕೋರ್ಟು ಇತ್ತು. ನೋರಾ ಆಂಟಿಯ ಗಂಡ ಬದುಕಿದ್ದಾಗ ಹೆಂಡತಿಗಾಗಿ ಮಾಡಿಸಿದ್ದು. ಆ ನಾಡಿನ ಕಾಡುಗಳಲ್ಲಿ ಗೆದ್ದಲು ಕಟ್ಟುವ ಕೆಂಪು ಹುತ್ತಗಳನ್ನು ಒಡೆದು, ಪುಡಿ ಮಾಡಿ, ನೀರು ಚಿಮುಕಿಸಿ ಉರುಳುಗಲ್ಲು ಹೊಡೆದರೆ ಸಿಮೆಂಟಿನಷ್ಟು ಗಟ್ಟಿಯಾದ ನೆಲವಾಗುತ್ತದಂತೆ. ನಾವು ಬರುವ ಹೊತ್ತಿಗೆ ಅದರ ಅಂಚುಗಳಲ್ಲಿ ಕಳೆ ಎದ್ದಿತ್ತು. ಹುತ್ತದ ಮಣ್ಣು ಎಂದು ತಿಳಿದ ಮೇಲೆ ಅಮ್ಮ ಅದರ ಮೇಲೆ ಚಪ್ಪಲಿ ಕಾಲಿಡಲಿಲ್ಲ. ನಾಗರ ಪಂಚಮಿಯ ದಿನ ಸ್ನಾನ ಮಾಡಿ, ಕೋರ್ಟಿನ ಮೂಲೆಯಲ್ಲಿ ಕುಂಕುಮವಿಟ್ಟು ಒಂದು ಲೋಟ ಹಾಲೆರೆದಳು. ನೋರಾ ಆಂಟಿ ಹಿಂಬಾಗಿಲಲ್ಲಿ ಊರುಗೋಲು ಹಿಡಿದು ನಿಂತು ನೋಡುತ್ತಿದ್ದರು.

“ಹಾಲು ಹಾಕಿದರೆ ನೆಲ ಗಟ್ಟಿಯಾಗುತ್ತದೆಯೇ?” ಎಂದು ಕೇಳಿದರು.

ಅವರು ಕೇಳಿದ್ದು ಇಂಗ್ಲಿಷಿನಲ್ಲಿ. ಅವರ ಮಾತುಗಳೆಲ್ಲ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿವೆ. ಯಾಕೆಂದರೆ ಅವನ್ನು ನಾನು ಒಳಗೆ ಹೋಗಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಆ ದಿನ ಅಮ್ಮ ನಗಲಿಲ್ಲ. ಸ್ವಲ್ಪ ಯೋಚಿಸಿ, “ಮಕ್ಕಳಿಗೆ ಕಣ್ಣು ಕಿವಿ ಚೆನ್ನಾಗಿರಲಿ ಅಂತ ಹಾಕ್ತೀವಿ ಅಂತ ಹೇಳು” ಎಂದಳು. ಹೇಳಿದೆ. ನೋರಾ ಆಂಟಿ ತಲೆಯಾಡಿಸಿ, ಹಾಗಾದರೆ ಮುಂದಿನ ವರ್ಷ ತಮ್ಮ ಸೊಂಟದ ಹೆಸರಿನಲ್ಲೂ ಒಂದು ಲೋಟ ಹಾಕಬೇಕೆಂದರು. ಮೊದಮೊದಲು ನಾವು ಆಂಟಿ ಎಂದರೆ ಅವರು, “ನಾನು ಯಾರ ಆಂಟಿಯೂ ಅಲ್ಲ, ನೋರಾ ಅಂದರೆ ಸಾಕು” ಎಂದು ಗದರುತ್ತಿದ್ದರು. ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳಲಿಲ್ಲ. ಕೊನೆಗೆ ಅವರೇ ಸೋತರು.

ಅಕ್ಕ ಶುಭಾ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳ ಕೈಗೆ ಅಪ್ಪ ಮೊದಲ ರ‍್ಯಾಕೆಟ್ಟು ಕೊಟ್ಟದ್ದು ಆ ಕೋರ್ಟಿನಲ್ಲಿ. ನೋರಾ ಆಂಟಿ ಕೆಲವು ದಿನ ಸುಮ್ಮನೆ ಮೆಟ್ಟಿಲ ಮೇಲೆ ಕೂತು ನೋಡಿದರು. ಆಮೇಲೆ ಒಂದು ಸಂಜೆ ಎದ್ದು ಬಂದು, ಅಪ್ಪನನ್ನು ಕೋಲಿನಿಂದಲೇ ಪಕ್ಕಕ್ಕೆ ಸರಿಸಿ, ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯ ಮೇಲೆ ಬೇರೆ ರೀತಿ ಇಟ್ಟರು. ಅಲ್ಲಿಂದ ಶುರುವಾದದ್ದು ಪ್ರತಿ ಸಂಜೆಯ ಅಭ್ಯಾಸವಾಯಿತು. ಅವರು ಹೊಗಳುತ್ತಿರಲಿಲ್ಲ. ಚೆಂಡು ಚೆನ್ನಾಗಿ ಹೋದರೆ “ಇನ್ನೊಂದು” ಎನ್ನುತ್ತಿದ್ದರು, ಕೆಟ್ಟದಾಗಿ ಹೋದರೂ “ಇನ್ನೊಂದು” ಎನ್ನುತ್ತಿದ್ದರು. ಚೆಂಡು ಹೆಕ್ಕುವುದು, ನೆಲಕ್ಕೆ ನೀರು ಚಿಮುಕಿಸುವುದು ನನ್ನ ಕೆಲಸ. ನನಗೂ ಒಂದೆರಡು ಸಲ ಆಡಲು ಕೊಟ್ಟಿದ್ದರು. ಚೆಂಡು ಬಂದ ಕಡೆಗೆ ನನ್ನ ಕಣ್ಣು ಹೋಗುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಅಪ್ಪ ರೈಲಿಳಿದು ಟೈ ಕೂಡ ಬಿಚ್ಚದೆ ನೇರವಾಗಿ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಅವರ ಬಾಯಿ ಅಕ್ಕನ ಹೊಡೆತಗಳ ಜೊತೆಗೆ ತನ್ನಷ್ಟಕ್ಕೆ ತೆರೆದು ಮುಚ್ಚಿಕೊಳ್ಳುತ್ತಿತ್ತು.

ನಮ್ಮ ಮನೆಯ ಊಟದ ಹೊತ್ತು ಬದಲಾಯಿತು, ಊಟವೂ ಬದಲಾಯಿತು. ಅಕ್ಕನಿಗೆ ಮೊಟ್ಟೆ ಕೊಡಬೇಕೆಂದು ಅಪ್ಪ ಹಟ ಹಿಡಿದರು. ಅಮ್ಮನ ಅಡುಗೆಮನೆಗೆ ಅಲ್ಲಿಯವರೆಗೆ ಮೊಟ್ಟೆ ಬಂದಿರಲಿಲ್ಲ. ಆ ಜಗಳ ವಾರಗಟ್ಟಲೆ ನಡೆಯಿತು.

“ಅವಳ ಮೈಗೆ ಶಕ್ತಿ ಬೇಡ್ವಾ? ಬರೀ ತಿಳಿಸಾರು ಕುಡಿದು ಯಾರೇ ಚಾಂಪಿಯನ್ ಆಗಿದ್ದಾರೆ?”

“ನಾನೇನು ಬೇಡ ಅಂದ್ನಾ? ನಿಮ್ಮ ಕೈಲೇ ಬೇಯ್ಸಿ. ನನ್ನ ಒಲೆ ಮೇಲೆ ಬೇಡ.”

ಕೊನೆಗೆ ಹಿಂಬಾಗಿಲ ಮೆಟ್ಟಿಲ ಹತ್ತಿರ ಒಂದು ಚಿಕ್ಕ ಗ್ಯಾಸ್ ಸ್ಟೌ ಬಂತು. ಬೇಯಿಸಿದ್ದು ಮಾತ್ರ ಅಮ್ಮನೇ. ಮೂಗಿಗೆ ಸೆರಗು ಒತ್ತಿಕೊಂಡು, ಚಳಿಯಲ್ಲಿ ಕುಕ್ಕರಗಾಲಲ್ಲಿ ಕೂತು, ದಿನವೂ ಬೆಳಿಗ್ಗೆ ಬೇಯಿಸುತ್ತಿದ್ದಳು. ಅಕ್ಕ ತಿನ್ನುವಾಗ ಮುಖ ತಿರುಗಿಸಿ ನಿಲ್ಲುತ್ತಿದ್ದಳು.

ನನಗೆ ಹನ್ನೊಂದಾಗುವ ಹೊತ್ತಿಗೆ ಅಕ್ಕ ತನ್ನ ವಯಸ್ಸಿನ ಹುಡುಗಿಯರಲ್ಲಿ ಯಾರಿಗೂ ಸೋಲದವಳಾಗಿದ್ದಳು. ದೇಶದ ಇನ್ನೊಂದು ತುದಿಯಲ್ಲಿದ್ದ ಬ್ರಿಸ್ಬೇನಿನ ಟೆನಿಸ್ ತರಬೇತಿ ಶಾಲೆಯೊಂದರವರು ಅವಳ ಆಟ ನೋಡಿ, ತಮ್ಮಲ್ಲಿಗೆ ಕಳಿಸಿ ಎಂದರು. ಅಪ್ಪನಿಗೆ ಕೆಲಸ ಬಿಡುವ ಹಾಗಿರಲಿಲ್ಲ. ಹಾಗಾಗಿ ಅಮ್ಮ ಅಕ್ಕನ ಜೊತೆ ಬ್ರಿಸ್ಬೇನಿಗೆ ಹೋಗುವುದು, ನಾನು ಅಪ್ಪನ ಜೊತೆ ಪರ್ತ್‌ನಲ್ಲೇ ಉಳಿಯುವುದು ಎಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದರು ಎಂದು ಈಗ ಹೇಳುವುದು ಕಷ್ಟ. ಅಪ್ಪ ಹೇಳಿದರು, ಅಮ್ಮ ಬೇಡ ಎನ್ನಲಿಲ್ಲ. ಅಪ್ಪ ಈ ಸುದ್ದಿಯನ್ನು ನೋರಾ ಆಂಟಿಗೆ ಹೇಳಲು ಸಿಹಿ ತೆಗೆದುಕೊಂಡು ಹೋದರು. ನಾನು ಹಿಂದೆ ಹೋದೆ. ಅವರು ಸಿಹಿ ಮುಟ್ಟದೆ ಕೇಳಿಸಿಕೊಂಡರು. ಅಪ್ಪನನ್ನು ಬಿಟ್ಟು ನನ್ನನ್ನು ನೋಡಿದರು.

“ಚಿಕ್ಕವಳು ಏನು ಮಾಡುತ್ತಾಳೆ?”

ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಪ್ಪ ನನ್ನ ತಲೆ ಸವರಿ, ಪ್ರೀತಿಯಿಂದಲೇ, “ಅವಳಾ? ಅವಳು ಅಡ್ಜಸ್ಟ್ ಮಾಡ್ಕೋತಾಳೆ ಮೇಡಮ್” ಎಂದರು. ಅಪ್ಪನ ಮಟ್ಟಿಗೆ ಅದು ಹೊಗಳಿಕೆ. ನಾನೂ ಅದನ್ನು ಹೊಗಳಿಕೆ ಎಂದೇ ತಿಳಿದೆ, ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ಇವತ್ತಿಗೂ ಯಾರಾದರೂ ನಿನಗೇನು ಬೇಕು ಎಂದು ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ಕೇಳಿದವರಿಗೆ ಏನು ಅನುಕೂಲ ಎಂಬುದೇ ಮೊದಲು ಹೊಳೆಯುತ್ತದೆ.

ಅಮ್ಮ, ಅಕ್ಕ ಹೋದ ಮೇಲೆ ಮನೆ ದೊಡ್ಡದಾಯಿತು. ಅಕ್ಕನ ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಬೀಳತೊಡಗಿತು. ಅಡುಗೆಮನೆಯಲ್ಲಿ ಈಗ ಮೂರನೆಯವರ ಮಾತಿರಲಿ, ಎರಡನೆಯವರೂ ಇರಲಿಲ್ಲ. ಅನ್ನ ಮಾಡುವುದು, ಬೇಳೆ ಬೇಯಿಸುವುದು ನನಗೆ ಬೇಗ ಬಂತು. ಮೇಲಿನ ಬೀರುವಿನಲ್ಲಿದ್ದ ಡಬ್ಬಗಳನ್ನೆಲ್ಲ ಒಂದು ಭಾನುವಾರ ಸ್ಟೂಲು ಹತ್ತಿ ಇಳಿಸಿ, ನನಗೆ ಎಟುಕುವ ಹಾಗೆ ಒಲೆಯ ಕೆಳಗಿನ ಗೂಡುಗಳಲ್ಲಿ ಜೋಡಿಸಿಕೊಂಡೆ. ಅಪ್ಪ ಮತ್ತು ನಾನು ಎದುರುಬದುರು ಕೂತು ಉಣ್ಣುತ್ತಿದ್ದೆವು. ಉಪ್ಪು ಹೆಚ್ಚಾದರೂ ಅವರು ಹೇಳುತ್ತಿರಲಿಲ್ಲ. ಊಟವಾದ ಮೇಲೆ ಪಾತ್ರೆ ಅವರು ತೊಳೆದರೆ ನಾನು ಒರೆಸುತ್ತಿದ್ದೆ. ಒಳ್ಳೆಯ ಅಪ್ಪ ಅವರು, ಅದನ್ನು ನಾನು ಹೇಳಲೇಬೇಕು. ಆದರೆ ಅವರ ಮಾತೆಲ್ಲ ಅಕ್ಕನ ಆಟದ ಬಗ್ಗೆ. ಅವಳು ಎಲ್ಲಿ ಗೆದ್ದಳು, ಮುಂದೆ ಎಲ್ಲಿ ಆಡುತ್ತಾಳೆ, ಅವಳ ಎಡಗಡೆಯ ಹೊಡೆತ ಹೇಗೆ ಸುಧಾರಿಸಿದೆ.

ಭಾನುವಾರ ಬೆಳಿಗ್ಗೆ ಬ್ರಿಸ್ಬೇನಿನಿಂದ ಫೋನು ಬರುತ್ತಿತ್ತು. ಅವರು ಇಂಡೂರೂಪಿಲ್ಲಿ ಎಂಬ ಬಡಾವಣೆಯಲ್ಲಿ, ನದಿಗೆ ಹತ್ತಿರ, ಅಲ್ಲಿನವರು ಯುನಿಟ್ಟು ಎನ್ನುವ ಒಂದು ಚಿಕ್ಕ ಫ್ಲಾಟಿನಲ್ಲಿದ್ದರು. ಅಮ್ಮ ಮೊದಲ ತಿಂಗಳು ಫೋನಿನಲ್ಲಿ ಅಳುತ್ತಿದ್ದಳು. ಆಮೇಲೆ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಕಾರು ಕಲಿತಳು. ಅಲ್ಲಿನ ಯೂನಿವರ್ಸಿಟಿಗೆ ಓದಲು ಬಂದಿದ್ದ ಕನ್ನಡದ ಹುಡುಗಿಯರು ಅವಳ ಯುನಿಟ್ಟಿಗೆ ಊಟಕ್ಕೆ ಬರತೊಡಗಿದರು. ಫೋನಿನಲ್ಲಿ ಅವಳ ಹಿಂದೆ ನಗು ಕೇಳಿಸುತ್ತಿತ್ತು.

“ಈ ಆರ್ವೋ ಎಲ್ಲ ಸೇರಿ ಪಾರ್ಕಿಗೆ ಹೋಗ್ತಿದೀವಿ ಪುಟ್ಟಿ. ಚಿತ್ರಾನ್ನ ಮಾಡಿದೀನಿ. ನೀನು ಏನು ಮಾಡ್ದೆ ಇವತ್ತು?”

ಮಧ್ಯಾಹ್ನಕ್ಕೆ ಆರ್ವೋ ಎನ್ನುವುದು ನಮ್ಮ ಶಾಲೆಯ ಮಕ್ಕಳ ಮಾತು. ಅಮ್ಮನ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಅವಳು ಸಂತೋಷವಾಗಿದ್ದಾಳೆ ಎಂದು ನನಗೆ ಗೊತ್ತಾಯಿತು. ಅದಕ್ಕೆ ಖುಷಿಪಡಬೇಕೋ ಅಳಬೇಕೋ ಎಂದು ಗೊತ್ತಾಗಲಿಲ್ಲ.

ಶಾಲೆ ಮುಗಿದ ಮೇಲೆ ಅಪ್ಪ ಬರುವವರೆಗೆ ನಾನು ನೋರಾ ಆಂಟಿಯ ಕಡೆಯಲ್ಲಿರುತ್ತಿದ್ದೆ. ಅವರೇ ಹಾಗೆ ಮಾಡಿಸಿದ್ದರು. ಅವರು ಬ್ರೆಡ್ಡು ಸುಟ್ಟು, ಬೆಣ್ಣೆ ಸವರಿ ಕೊಡುತ್ತಿದ್ದರು. ಒಂದು ಬದಿ ಯಾವಾಗಲೂ ಕರಕಲಾಗಿರುತ್ತಿತ್ತು. ಅಕ್ಕನ ಗೆಲುವಿನ ಸುದ್ದಿ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು, ಆದರೆ ಹೆಚ್ಚು ಕೇಳುತ್ತಿರಲಿಲ್ಲ. ಬದಲಿಗೆ ನನ್ನ ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೇನೆ, ಮಧ್ಯಾಹ್ನ ಏನು ತಿಂದೆ ಎಂದು ಕೇಳುತ್ತಿದ್ದರು. ಅವರ ಸ್ವಂತ ಕಥೆ ನನಗೆ ಸಿಕ್ಕಿದ್ದು ಆ ಸೋಫಾದ ಮೇಲೆ, ನಾಯಿಯ ಪಕ್ಕ ಕೂತು, ತುಂಡು ತುಂಡಾಗಿ.

ಅವರು ಹುಟ್ಟಿದ್ದು ಅಮೆರಿಕದ ಕಿತ್ತಳೆ ತೋಟಗಳ ಸೀಮೆಯ ಒಂದು ಸಣ್ಣ ಊರಿನಲ್ಲಿ. ಊರಿನ ಸಾರ್ವಜನಿಕ ಮೈದಾನದಲ್ಲಿ ಒಂದು ಸಿಮೆಂಟಿನ ಕೋರ್ಟಿತ್ತು. ನೆಟ್ಟು ಹಗ್ಗದ್ದಲ್ಲ, ತಂತಿಯದು. ಚೆಂಡು ತಗುಲಿದರೆ ಝಣ್ ಎನ್ನುತ್ತಿತ್ತಂತೆ. ಅವರಿಗೆ ಮೇ ಎಂಬ ತಂಗಿ. ತಂದೆ ಬೇಗ ತೀರಿಕೊಂಡಿದ್ದರು. ಅಕ್ಕ ಆಡಲಿ ಎಂದು ತಂಗಿ ಶಾಲೆ ಬಿಟ್ಟು ಲಾಂಡ್ರಿಯಲ್ಲಿ ಕೆಲಸಕ್ಕೆ ನಿಂತಳು. ಹೋಟೆಲಿನವರು ಬೇಡವೆಂದು ಬಿಟ್ಟ ಬಿಳಿ ಮೇಜುಬಟ್ಟೆಗಳನ್ನು ತಂದು ಅಕ್ಕನಿಗೆ ಆಟದ ಉಡುಪು ಹೊಲಿದಳು. ಅದನ್ನು ತೊಟ್ಟು ನೋರಾ ಆಂಟಿ ದಿನಗಟ್ಟಲೆ ರೈಲಿನಲ್ಲಿ ಕೂತು ದೇಶದ ಇನ್ನೊಂದು ತುದಿಗೆ ಹೋಗಿ, ದೊಡ್ಡ ದೊಡ್ಡ ಮನೆತನಗಳ ಹುಡುಗಿಯರನ್ನು ಸೋಲಿಸಿ ದೇಶದ ಚಾಂಪಿಯನ್ ಆದರು. ಮರುವರ್ಷ ಹಡಗು ಹತ್ತಿ ಸಮುದ್ರ ದಾಟಿದರು. ಅಲ್ಲಿನ ಆಟದ ಹುಲ್ಲಿನ ನೆಲವನ್ನು ಮೊದಲ ಸಲ ನೋಡಿದಾಗ ಅದರ ಮೇಲೆ ಕಾಲಿಡಲು ಮನಸ್ಸಾಗಲಿಲ್ಲವಂತೆ. ಅಲ್ಲೂ ಗೆದ್ದರು. ಗೋಡೆಯ ಫೋಟೋ ಅವತ್ತಿನದು. ಊರಿಗೆ ಮರಳಿದಾಗ ತೆರೆದ ಕಾರಿನಲ್ಲಿ ಮೆರವಣಿಗೆ ಮಾಡಿದರು. ಮೇ ಆ ಕಾರಿನಲ್ಲಿ ಇರಲಿಲ್ಲ. ಲಾಂಡ್ರಿಯಲ್ಲಿ ಅವತ್ತು ಅವಳಿಗೆ ರಜ ಕೊಟ್ಟಿರಲಿಲ್ಲ.

ಬೆಳ್ಳಿ ಕಪ್ಪುಗಳಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಕೆಲವು ವರ್ಷಗಳಾದ ಮೇಲೆ ನೋರಾ ಆಂಟಿ ಸಂಬಳಕ್ಕೆ ಆಡುವವರ ತಂಡ ಸೇರಿದರು. ಆ ಕಾಲದಲ್ಲಿ ಸಂಬಳ ತೆಗೆದುಕೊಂಡವರನ್ನು ದೊಡ್ಡ ಪಂದ್ಯಗಳಿಗೆ ಸೇರಿಸುತ್ತಿರಲಿಲ್ಲ. ಗೆದ್ದ ಅಂಗಳಗಳೇ ಬಾಗಿಲು ಹಾಕಿಕೊಂಡವು. ಲಾರಿಯಲ್ಲಿ ಕ್ಯಾನ್ವಾಸಿನ ನೆಲವನ್ನು ಚಾಪೆಯ ಹಾಗೆ ಸುತ್ತಿಕೊಂಡು ಊರೂರು ತಿರುಗುವುದು, ಸಭಾಂಗಣಗಳಲ್ಲಿ ಹಾಸಿ ಆಡುವುದು, ಮಡಚಿ ಮುಂದಿನ ಊರಿಗೆ ಹೊರಡುವುದು. ದಿನವೂ ಅದೇ ಎದುರಾಳಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದಷ್ಟು ಬೇಸತ್ತಿದ್ದರಂತೆ. ಹಾಗೆ ತಿರುಗುತ್ತಾ ಆಸ್ಟ್ರೇಲಿಯಾಕ್ಕೂ ಬಂದರು. ಅಡಿಲೇಡಿನಲ್ಲಿ ಒಂದು ರಾತ್ರಿಯ ಆಟ. ಅವರು ತಮ್ಮ ಜೀವನದಲ್ಲೇ ಅಷ್ಟು ಚೆನ್ನಾಗಿ ಆಡಿರಲಿಲ್ಲವಂತೆ. ಗೆದ್ದು, ಜನರಿಗೆ ಕೈ ಬೀಸಿ, ಬಟ್ಟೆ ಬದಲಾಯಿಸುವ ಕೋಣೆಗೆ ಬಂದಾಗ ತಂಡದ ಮ್ಯಾನೇಜರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮೇ ನ್ಯುಮೋನಿಯಾದಿಂದ ಸತ್ತಿದ್ದಳು. ಸುದ್ದಿ ಬಂದು ಮೂರು ದಿನವಾಗಿತ್ತು. ಅಷ್ಟರಲ್ಲಿ ಮಣ್ಣೂ ಆಗಿತ್ತು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಟಿಕೆಟ್ಟುಗಳೆಲ್ಲ ಮಾರಿಹೋಗಿದ್ದವು” ಎಂದರು ನೋರಾ ಆಂಟಿ. ಆಮೇಲೆ ನಾಯಿಯ ಕಿವಿ ನೀವುತ್ತಾ, “ಮೇ ನನ್ನ ಆಟವನ್ನು ಒಂದು ಸಲವೂ ನೋಡಲಿಲ್ಲ. ನಾನು ಬಾ ಎಂದು ಕರೆಯಲೂ ಇಲ್ಲ. ಅವಳು ಹೇಗೂ ಇರುತ್ತಾಳೆ ಅಂದುಕೊಂಡಿದ್ದೆ” ಎಂದರು.

ಅವರು ಮತ್ತೆ ಅಮೆರಿಕಕ್ಕೆ ಹೋಗಲಿಲ್ಲ. ತಂಡದ ಲಾರಿಗಳ ವ್ಯವಸ್ಥೆ ನೋಡುತ್ತಿದ್ದ ಪರ್ತ್‌ನ ಒಬ್ಬ ಮಿತಭಾಷಿಯನ್ನು ಮದುವೆಯಾಗಿ ಇಲ್ಲೇ ಉಳಿದರು.

ಅಮ್ಮ, ಅಕ್ಕ ಬ್ರಿಸ್ಬೇನಿಗೆ ಹೋದ ಎರಡನೆಯ ಬೇಸಿಗೆಯಲ್ಲಿ ಅಡಿಲೇಡಿನಲ್ಲಿ ಹುಡುಗಿಯರ ಒಂದು ದೊಡ್ಡ ಪಂದ್ಯಾವಳಿ ನಡೆಯಿತು. ಹಳೆಯ ಚಾಂಪಿಯನ್ ಎಂದು ನೆನಪಿಟ್ಟುಕೊಂಡಿದ್ದ ಯಾರೋ ಗೆದ್ದವರಿಗೆ ಕಪ್ಪು ಕೊಡಲು ನೋರಾ ಆಂಟಿಯನ್ನು ಕರೆದರು. ಅಲ್ಲಿ ಅವರ ನಾದಿನಿಯ ಮನೆಯೂ ಇತ್ತು, ಅಕ್ಕನೂ ಆ ಪಂದ್ಯಾವಳಿಯಲ್ಲಿ ಆಡುವವಳಿದ್ದಳು. ಹಾಗಾಗಿ ಅಪ್ಪ, ನಾನು, ಅವರು ಮೂವರೂ ವಿಮಾನದಲ್ಲಿ ಹೋದೆವು. ಬ್ರಿಸ್ಬೇನಿನಿಂದ ಅಮ್ಮ ಮತ್ತು ಅಕ್ಕ ಬಂದರು. ತಿಂಗಳುಗಳ ಮೇಲೆ ನಾಲ್ವರೂ ಒಟ್ಟಿಗೆ ಸೇರಿದ್ದು ಅಲ್ಲಿ, ಮೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ. ಅಮ್ಮ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಳು. ಅಪ್ಪ ಅವಳ ತಲೆಯನ್ನು ನೋಡಿ, ಅವಳ ಚೀಲ ಎತ್ತಿಕೊಂಡರು. ಅಕ್ಕ ಅಮ್ಮನಿಗಿಂತ ಎತ್ತರವಾಗಿದ್ದಳು. ಅವಳ ಬಲಗೈ ಮಣಿಕಟ್ಟಿಗೆ ಟೇಪು ಸುತ್ತಿತ್ತು.

“ಏನೇ ಅದು?” ಎಂದರು ಅಪ್ಪ.

“ಜಸ್ಟ್ ಸಪೋರ್ಟ್, ಅಪ್ಪ. ಎವ್ರಿಬಡಿ ವೇರ್ಸ್ ಇಟ್” ಎಂದಳು ಅಕ್ಕ.

ಅಕ್ಕ ಗೆಲ್ಲುತ್ತಾ ಹೋಗಿ ಫೈನಲ್ ಮುಟ್ಟಿದಳು. ಅವತ್ತು ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಅಪ್ಪ ಅಮ್ಮ ಎದುರಿನ ಬೆಂಚಿನಲ್ಲಿ ಕೂತಿದ್ದರು. ನಾನು ನೋರಾ ಆಂಟಿಯ ಜೊತೆ ನೆರಳಿನ ಕಡೆಗಿದ್ದೆ. ಮೊದಲ ಸೆಟ್ಟು ಅಕ್ಕನದಾಯಿತು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡನೆಯ ಸೆಟ್ಟಿನ ನಡುವೆ ಆಟಗಾರ್ತಿಯರು ಬದಿ ಬದಲಾಯಿಸಲು ಬಂದು ಕುರ್ಚಿಯಲ್ಲಿ ಕೂತರು. ಅಕ್ಕ ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿ, ಅದರ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ನೋರಾ ಆಂಟಿ ಎದ್ದರು. ಊರುಗೋಲು ಊರಿಕೊಂಡು, ಬೇಲಿಯ ಗೇಟು ತೆಗೆದು ಕೋರ್ಟಿನೊಳಕ್ಕೆ ನಡೆದರು. ಅಂಪೈರ್ ಎತ್ತರದ ಕುರ್ಚಿಯಿಂದ ಏನೋ ಕೂಗಿದರು. ಆಂಟಿ ನಿಲ್ಲಲಿಲ್ಲ. ಅಕ್ಕನ ಮುಂದೆ ಹೋಗಿ ಬಗ್ಗಿ ಏನೋ ಕೇಳಿದರು. ಅಕ್ಕ ಮುಖ ಎತ್ತಿ ನೋಡಿದಳು. ಆಮೇಲೆ ಅವಳ ಮುಖ ಚಿಕ್ಕ ಮಗುವಿನ ಮುಖದ ಹಾಗೆ ಒಡೆದುಹೋಯಿತು. ಆಂಟಿ ಅವಳ ರ‍್ಯಾಕೆಟ್ಟನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು, ಅಂಪೈರ್ ಕಡೆ ತಿರುಗಿ, ಈ ಹುಡುಗಿಯ ಆಟ ಮುಗಿಯಿತು ಎಂದರು.

“ಮೇಡಮ್! ಮೇಡಮ್, ಪ್ಲೀಸ್!” ಅಪ್ಪ ಬೇಲಿ ಹಿಡಿದು ಕೂಗುತ್ತಿದ್ದರು. “ಶುಭಾ, ಏಳು! ಗೆಲ್ತಾ ಇದೀಯಲ್ಲೇ!”

ಅಮ್ಮ ಕೂತಲ್ಲಿಂದ ಏಳಲೇ ಇಲ್ಲ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಆಂಟಿ ಏನು ಕೇಳಿದರು ಎಂದು ಎಷ್ಟೋ ವರ್ಷಗಳ ಮೇಲೆ ಅಕ್ಕ ನನಗೆ ಹೇಳಿದಳು. “ಎಷ್ಟು ದಿನದಿಂದ?” ಎಂದಷ್ಟೇ ಕೇಳಿದ್ದರಂತೆ. ನೋವಾಗುತ್ತಿದೆಯಾ ಎಂದು ಕೇಳಿದ್ದರೆ ಇಲ್ಲ ಎಂದು ಹೇಳುವುದಕ್ಕೆ ಅವಳು ಸಿದ್ಧಳಾಗಿದ್ದಳಂತೆ.

ನೋರಾ ಆಂಟಿ ಕರೆದ ಕೆಲಸವನ್ನು ತಪ್ಪಿಸಲಿಲ್ಲ. ಒಂದು ಗಂಟೆಯ ಮೇಲೆ ನೆಟ್ಟಗೆ ನಿಂತು, ಗೆದ್ದ ಹುಡುಗಿಗೆ ಕಪ್ಪು ಕೊಟ್ಟು, ಅವಳ ಕೈ ಕುಲುಕಿದರು. ಆ ಹೊತ್ತಿಗೆ ನಾವು ಡಾಕ್ಟರ ಹತ್ತಿರ ಇದ್ದೆವು. ಮಣಿಕಟ್ಟಿನ ಸಣ್ಣ ಮೂಳೆಯೊಂದು ಎಂದೋ ಸೀಳಿ, ಕೂಡಿಕೊಳ್ಳಲು ಪುರಸೊತ್ತು ಸಿಗದೆ ಕೆಟ್ಟುಹೋಗಿತ್ತು. ಇನ್ನು ಆಟದ ಮಾತು ಮರೆತುಬಿಡಿ ಎಂದರು ಡಾಕ್ಟರು.

ಸಂಜೆ ಮೋಟೆಲಿನ ಕೋಣೆಯಲ್ಲಿ ನಾಲ್ವರೂ ಇದ್ದೆವು. ಅಕ್ಕ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತು ಕೈಯ ಮೇಲೆ ಐಸಿನ ಚೀಲ ಇಟ್ಟುಕೊಂಡಿದ್ದಳು. ಕಿಟಕಿಯ ಹತ್ತಿರ ನಿಂತಿದ್ದ ಅಪ್ಪ ಅಮ್ಮನ ಕಡೆ ತಿರುಗಿದರು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು” ಎಂದಳು ಅಮ್ಮ. “ದಿನಾ ಬೆಳಿಗ್ಗೆ ಟೇಪ್ ಸುತ್ತುತ್ತಿದ್ದಿದ್ದು ನಾನೇ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ನಾನೇನು ರಾಕ್ಷಸನಾ? ಗೊತ್ತಾಗಿದ್ರೆ ಆವತ್ತೇ ಆಟ ನಿಲ್ಲಿಸು ಅಂತಿರಲಿಲ್ವಾ ನಾನು?”

“ಅಂತಿದ್ರಿ. ಅದಕ್ಕೇ ಹೇಳ್ಲಿಲ್ಲ.”

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಮ್ಮ ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತಾ, ಬಹಳ ಮೆಲ್ಲಗೆ ಹೇಳಿದಳು.

“ನಿಲ್ಲಿಸಿದ್ರೆ ನಾವು ವಾಪಸ್ ಬರಬೇಕಾಗ್ತಿತ್ತು.”

ಅಪ್ಪ ಮತ್ತೆ ಕಿಟಕಿಯ ಕಡೆಗೆ ತಿರುಗಿಕೊಂಡರು. ಅಮ್ಮ ಎದ್ದು ಅಕ್ಕನ ಹತ್ತಿರ ಹೋಗಿ, ಜಾರಿದ್ದ ಐಸಿನ ಚೀಲವನ್ನು ಸರಿಯಾಗಿ ಇಡಲು ಕೈ ಚಾಚಿದಳು. ಅಕ್ಕ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಮ್ಮ ಆ ಚೀಲವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತಳು. ಅವಳ ಬಟ್ಟೆಯೆಲ್ಲ ಒದ್ದೆಯಾಗುತ್ತಿತ್ತು, ಅದು ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನೋರಾ ಆಂಟಿಯನ್ನು ನೋಡಲು ಅವರ ನಾದಿನಿಯ ಮನೆಗೆ ನಾನೊಬ್ಬಳೇ ಹೋದೆ. ಅಪ್ಪ ಗೇಟಿನವರೆಗೆ ಬಿಟ್ಟರು, ಒಳಗೆ ಬರಲಿಲ್ಲ. ಆಂಟಿ ಹೂಕುಂಡಗಳ ನಡುವೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತಾವು ಇನ್ನು ಪರ್ತ್‌ಗೆ ಬರುವುದಿಲ್ಲ, ನಾದಿನಿಯ ಜೊತೆ ಇಲ್ಲೇ ಉಳಿಯುವುದು, ಈ ಸೊಂಟ ಇಟ್ಟುಕೊಂಡು ಒಬ್ಬರೇ ಇರಲಾಗುವುದಿಲ್ಲ ಎಂದರು. ಮನೆಯಲ್ಲಿ ನಾವು ಎಷ್ಟು ದಿನ ಬೇಕಾದರೂ ಇರಬಹುದು, ನಾಯಿಯನ್ನು ನೋಡಿಕೊಂಡರೆ ಸಾಕು ಎಂದರು.

“ಅಪ್ಪನಿಗೆ ನಿಮ್ಮ ಮೇಲೆ ಕೋಪ ಬಂದಿದೆ” ಎಂದ ನಾನು ಅಳತೊಡಗಿದೆ.

“ಇರಲಿ. ಕೋಪ ಮಾಡಿಕೊಳ್ಳಲು ಅವರಿಗೆ ಯಾರಾದರೂ ಬೇಕು. ನಾನು ದೂರದಲ್ಲಿರುತ್ತೇನೆ, ತೊಂದರೆಯಿಲ್ಲ.” ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ನೀನು ನನಗೆ ಫೋನು ಮಾಡು. ನಿನ್ನ ಅಕ್ಕನ ವಿಷಯ ಹೇಳಲು ಅಲ್ಲ. ನಿನ್ನ ವಿಷಯ ಹೇಳಲು.”

ಮಾಡುತ್ತಿದ್ದೆ. ಶಾಲೆಯಿಂದ ಬಂದು, ಬ್ರೆಡ್ಡು ಸುಟ್ಟುಕೊಂಡು, ಖಾಲಿ ದೊಡ್ಡ ಕೋಣೆಯಲ್ಲಿ ನಾಯಿಯ ಪಕ್ಕ ಕೂತು ಮಾತಾಡುತ್ತಿದ್ದೆ. ಶಾಲೆಯ ವರ್ಷದ ಅರ್ಧ ಮುಗಿಯುವವರೆಗೆ ಅಮ್ಮ ಮತ್ತು ಅಕ್ಕ ಬ್ರಿಸ್ಬೇನಿನಲ್ಲೇ ಇದ್ದರು. ಭಾನುವಾರದ ಫೋನುಗಳು ಚಿಕ್ಕದಾದವು. ಹಿಂದಿನ ನಗು ಕೇಳಿಸುತ್ತಿರಲಿಲ್ಲ.

ಚಳಿಗಾಲದ ಮೊದಲ ಮಳೆ ಬಂದ ವಾರ ನಾದಿನಿಯ ಫೋನು ಬಂತು. ನೋರಾ ಆಂಟಿ ಬೆಳಗಿನ ಚಹಾ ಕುಡಿದು, ಮತ್ತೆ ಸ್ವಲ್ಪ ಮಲಗುತ್ತೇನೆಂದು ಹೋದವರು ಏಳಲಿಲ್ಲ. ಅಪ್ಪ ಆಗಷ್ಟೇ ಆಫೀಸಿನಿಂದ ಬಂದಿದ್ದರು. ಹೇಳಿದೆ. ಅಡಿಲೇಡಿನಿಂದ ಬಂದ ಮೇಲೆ ಅವರ ಹೆಸರನ್ನು ಅಪ್ಪ ಒಂದು ಸಲವೂ ಎತ್ತಿರಲಿಲ್ಲ. ಚೀಲ ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಕೋರ್ಟಿನ ತುಂಬ ಕಳೆ, ಮಳೆ ನೀರಿನ ಗುಂಡಿಗಳು. ಅವರು ಟೈ ಕಟ್ಟಿಕೊಂಡೇ, ಷೂ ಹಾಕಿಕೊಂಡೇ ಬಗ್ಗಿ ಕಳೆ ಕೀಳತೊಡಗಿದರು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಉರುಳುಗಲ್ಲಿನ ತುಕ್ಕು ಹಿಡಿದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಳೆದರು. ಕೆಂಪು ಮಣ್ಣು ಮೊಣಕಾಲಿನವರೆಗೆ ಹತ್ತಿತ್ತು. ಕತ್ತಲಾಗುವವರೆಗೆ ಎಳೆಯುತ್ತಲೇ ಇದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಕರೆಯಬೇಕೆನಿಸಲಿಲ್ಲ.

ಅಮ್ಮ ಮತ್ತು ಅಕ್ಕ ಬಂದದ್ದು ಅದಾಗಿ ಕೆಲವು ವಾರಗಳ ಮೇಲೆ, ಜಿನುಗು ಮಳೆಯ ಒಂದು ಮಧ್ಯಾಹ್ನ. ಅಪ್ಪ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತಂದರು. ಅಕ್ಕ ಸೀದಾ ಹೋಗಿ ತನ್ನ ಮಂಚದ ಮೇಲಿನ ಬಟ್ಟೆ ರಾಶಿಯನ್ನು ಸರಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ಸೂಟ್‌ಕೇಸುಗಳನ್ನು ಒಳಗೆ ತಂದು ಸಾಲಾಗಿ ಇಟ್ಟರು. ಪ್ರಯಾಣ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದಳು ಅಮ್ಮ. ಅಲ್ಲಿ ಮಳೆ ಇದೆಯಾ ಎಂದು ಕೇಳಿದರು. ಇಲ್ಲ, ಬಿಸಿಲಿದೆ ಎಂದಳು.

ನಾನು ಕಾಫಿ ಮಾಡಲು ಅಡುಗೆಮನೆಗೆ ಹೋದೆ. ಅಮ್ಮ ಹಿಂದೆಯೇ ಬಂದಳು.

“ನೀನು ಬಿಡು ಪುಟ್ಟಿ, ನಾನು ಮಾಡ್ತೀನಿ.”

ನಾನು ಪಕ್ಕಕ್ಕೆ ಸರಿದೆ. ಅಮ್ಮ ಹಾಲು ಕಾಯಿಸಿದಳು. ಕಾಲ್ಬೆರಳ ಮೇಲೆ ನಿಂತು ಮೇಲಿನ ಬೀರು ತೆರೆದಳು. ಅದು ಖಾಲಿಯಿತ್ತು. ಪಕ್ಕದ್ದನ್ನೂ ತೆರೆದಳು. ಆಮೇಲೆ ನನ್ನ ಕಡೆ ತಿರುಗಿ, ಬೇರೆಯವರ ಮನೆಯಲ್ಲಿ ಕೇಳುವಷ್ಟು ಸಂಕೋಚದಿಂದ ಕೇಳಿದಳು.

“ಸಕ್ಕರೆ ಎಲ್ಲಿಟ್ಟಿದೀಯಮ್ಮ?”

ಬಗ್ಗಿ ಕೆಳಗಿನ ಗೂಡಿನಿಂದ ತೆಗೆದುಕೊಟ್ಟೆ. ಅಮ್ಮ ಅಪ್ಪನ ಲೋಟಕ್ಕೆ, ಹಿಂದೆ ಹಾಕುತ್ತಿದ್ದ ಹಾಗೆಯೇ, ಎರಡು ಚಮಚ ಹಾಕಿ ಕಲಕಿದಳು. ಅಪ್ಪ ಸಕ್ಕರೆ ಬಿಟ್ಟು ವರ್ಷವೇ ಆಗಿತ್ತು. ನಾನು ಬಾಯಿ ತೆರೆದವಳು ಸುಮ್ಮನಾದೆ. ಅಮ್ಮ ಲೋಟವನ್ನು ತೆಗೆದುಕೊಂಡು ಹೋಗಿ ಅಪ್ಪನ ಮುಂದಿಟ್ಟು, ಎದುರಿನ ಕುರ್ಚಿಯ ಅಂಚಿನಲ್ಲಿ ಕೂತಳು. ಅಪ್ಪ ಒಂದು ಗುಟುಕು ಕುಡಿದು, ಒಂದು ಕ್ಷಣ ತಡೆದರು.

“ಚೆನ್ನಾಗಿದೆ” ಎಂದರು.

ಪೂರ್ತಿ ಕುಡಿದರು, ಮುಖ ಕಿವುಚಲಿಲ್ಲ. ಆಮೇಲೆ ಲೋಟವನ್ನು ತಾವೇ ಒಯ್ದು ತೊಳೆದಿಟ್ಟರು.